ಕೊಯ್ದ ಮೇಲಿನ ಮೊದಲ ತಾಸುಗಳು

ಗಿಡದಿಂದ ಬಿಡಿಸಿದ ಮೇಲೂ ಟೊಮೆಟೊ ಬದುಕಿರುತ್ತದೆ. ತೊಟ್ಟು ಕಳಚಿದ ಗಳಿಗೆಯಲ್ಲಿ ಬೇರಿನಿಂದ ಬರುತ್ತಿದ್ದ ನೀರು ನಿಲ್ಲುತ್ತದೆ, ಎಲೆಯಿಂದ ಇಳಿಯುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಕಾಯಿ ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ತನ್ನೊಳಗಿನ ಸಕ್ಕರೆ ಮತ್ತು ಆಮ್ಲವನ್ನು ಕರಗಿಸಿಕೊಂಡು, ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಶಾಖವನ್ನೂ ಹೊರಗೆ ಬಿಡುತ್ತಲೇ ಇರುತ್ತದೆ. ಸಂಬಳ ನಿಂತ ಮನೆಯ ಹಾಗೆ ಇನ್ನು ಅದಕ್ಕೆ ಖರ್ಚು ಮಾತ್ರ, ಜಮೆ ಇಲ್ಲ.

ಕೋಲಾರ, ಮುಳಬಾಗಿಲು, ಚಿಂತಾಮಣಿ ಸೀಮೆಯ ಯಾವುದಾದರೂ ಟೊಮೆಟೊ ತೋಟದ ಬದುವಿನ ಮೇಲೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಿಂತು ನೋಡಬೇಕು. ಹೆಣ್ಣಾಳುಗಳು ಸಾಲು ಹಿಡಿದು ಕಾಯಿ ಬಿಡಿಸುತ್ತಾ ಬರುತ್ತಾರೆ. ಬಕೆಟ್ಟಿನಿಂದ ಬಾಕ್ಸಿಗೆ ಸುರಿಯುತ್ತಾರೆ. ಹದಿನೈದು ಕೆ.ಜಿ. ಹಿಡಿಯುವ ಪ್ಲಾಸ್ಟಿಕ್ ಬಾಕ್ಸುಗಳು ಒಂದರ ಮೇಲೊಂದು ಏರುತ್ತವೆ. ಹನ್ನೊಂದಕ್ಕೆ ಬರಬೇಕಿದ್ದ ಟೆಂಪೊ ಒಂದು ಗಂಟೆಯಾದರೂ ಬಂದಿರುವುದಿಲ್ಲ. ಅಷ್ಟು ಹೊತ್ತೂ ಮೇಲಿನ ಬಾಕ್ಸಿನ ಕಾಯಿ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದೆ. ನೇರ ಬಿಸಿಲಿಗೆ ಬಿದ್ದ ಕಾಯಿಯ ಒಳಗಿನ ಉಷ್ಣಾಂಶ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು; ಕೈಯಲ್ಲಿ ಹಿಡಿದರೇ ಬಿಸಿ ತಾಗುತ್ತದೆ. ನಡುವಿನ ಬಾಕ್ಸುಗಳಿಗೆ ಬಿಸಿಲು ಬೀಳದಿದ್ದರೂ, ಅಕ್ಕಪಕ್ಕದ ಕಾಯಿಗಳು ಬಿಡುವ ಉಸಿರಿನ ಶಾಖ ಹೊರಗೆ ಹೋಗಲು ದಾರಿಯಿಲ್ಲ.

ಈ ಕಾಯುವಿಕೆಯ ಬೆಲೆ ಎಷ್ಟು? ಸಸ್ಯಶಾಸ್ತ್ರದಲ್ಲಿ ಇದಕ್ಕೊಂದು ಒರಟು ಲೆಕ್ಕವಿದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಹಣ್ಣು-ತರಕಾರಿಯ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಅಂದರೆ 35 ಡಿಗ್ರಿಯಲ್ಲಿ ಒಂದು ತಾಸು ಕಳೆದ ಕಾಯಿ, 15 ಡಿಗ್ರಿಯಲ್ಲಿ ನಾಲ್ಕು ತಾಸು ಕಳೆದ ಕಾಯಿಯಷ್ಟಾದರೂ ಮುಪ್ಪಾಗಿರುತ್ತದೆ. ಟೊಮೆಟೊ ವಿಷಯದಲ್ಲಿ ಇನ್ನೊಂದು ಹೊಡೆತವೂ ಇದೆ. ಅದಕ್ಕೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸುಮಾರು 30 ಡಿಗ್ರಿ ದಾಟಿದ ಸೆಕೆಯಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಬೇಸಿಗೆಯಲ್ಲಿ ಮಾರುಕಟ್ಟೆಗೆ ಬರುವ ಟೊಮೆಟೊ ಎಷ್ಟೋ ಸಲ ಕೆಂಪಗಾಗದೆ ಹಳದಿ-ಕಿತ್ತಳೆಯಲ್ಲೇ ನಿಂತುಬಿಡುವುದಕ್ಕೆ ಇದೂ ಕಾರಣ.

ಕೊಯ್ಲಿನ ನಂತರದ ವಿಜ್ಞಾನ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕೋಲ್ಡ್ ಸ್ಟೋರೇಜಿನ ಎತ್ತರದ ಗೋಡೆ, ರೆಫ್ರಿಜರೇಟರ್ ಲಾರಿ, ಕೋಟಿಗಟ್ಟಲೆ ಬಂಡವಾಳ. ಕಳೆದ ನೂರು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ನಡೆದ ಸಂಶೋಧನೆಗಳನ್ನು ಓದುತ್ತಾ ಹೋದರೆ ನನಗೆ ಮನವರಿಕೆಯಾಗುವುದು ಬೇರೆಯೇ. ಹಣ್ಣು-ತರಕಾರಿಯ ಹಣೆಬರಹದ ಬಹುಪಾಲು ಮೊದಲ ಕೆಲವು ತಾಸುಗಳಲ್ಲಿ, ಹೊಲದ ಬದುವಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಆ ತಾಸುಗಳಲ್ಲಿ ಬೇಕಾದದ್ದು ನೆರಳು, ಶುದ್ಧ ನೀರು, ನಯವಾದ ಕೈ ಮತ್ತು ಹೊತ್ತಿನ ಶಿಸ್ತು. ಈ ತಾಸುಗಳ ಮೇಲೆ ಸರ್ಕಾರದ ಗಮನವೂ ಹಣವೂ ಬೀಳುವುದು ತೀರ ಕಡಿಮೆ. ನನ್ನ ತಕರಾರು ಇರುವುದು ಅಲ್ಲಿ.

ನಷ್ಟದ ಅಂಕಿಅಂಶದ ಬಗ್ಗೆ ಒಂದು ಮಾತು. ನಮ್ಮಲ್ಲಿ ಬೆಳೆದ ಹಣ್ಣು-ತರಕಾರಿಯ ಮೂರನೇ ಒಂದು ಭಾಗ ಹಾಳಾಗುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಲುಧಿಯಾನದ ಕೇಂದ್ರೀಯ ಕೊಯ್ಲೋತ್ತರ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆ ದೇಶದಾದ್ಯಂತ ಸಮೀಕ್ಷೆ ನಡೆಸಿ 2015ರಲ್ಲಿ ಹೊರತಂದ ವರದಿಯ ಲೆಕ್ಕ ಅದಕ್ಕಿಂತ ಕಡಿಮೆ. ಹಣ್ಣುಗಳಲ್ಲಿ ಅತಿ ಹೆಚ್ಚು ನಷ್ಟ ಕಂಡದ್ದು ಸೀಬೆಹಣ್ಣಿನಲ್ಲಿ, ಶೇ 15.88. ತರಕಾರಿಗಳಲ್ಲಿ ಟೊಮೆಟೊ ಮುಂದಿತ್ತು, ಶೇ 12.44. ಸಂಖ್ಯೆ ಸಣ್ಣದಾಯಿತು ಎಂದು ಸಮಾಧಾನಪಡುವಂತಿಲ್ಲ. ಈ ಲೆಕ್ಕ ಹಿಡಿಯುವುದು ಕೊಳೆತು, ಜಜ್ಜಿ, ಎಸೆದದ್ದರ ತೂಕವನ್ನು. ತಟ್ಟೆಯವರೆಗೆ ಬಂದೂ ಒಳಗಿನ ಸತ್ವ ಕಳೆದುಕೊಂಡದ್ದನ್ನು ಯಾವ ತಕ್ಕಡಿಯೂ ತೂಗುವುದಿಲ್ಲ.

ಆ ಕಾಣದ ನಷ್ಟ ಎದ್ದು ಕಾಣುವುದು ಸೊಪ್ಪಿನಲ್ಲಿ. ಪಾಲಕ್, ಮೆಂತ್ಯ, ದಂಟು, ಹರಿವೆ ಇವೆಲ್ಲ ಎಲೆಗಳು. ಎಲೆ ಎಂದರೆ ಗಾಳಿಗೆ ಒಡ್ಡಿಕೊಂಡ ಅಗಲವಾದ ಮೈ. ಗಿಡದಲ್ಲಿರುವಾಗ ಬೇರಿನಿಂದ ಬಂದ ನೀರನ್ನು ಆವಿಯಾಗಿ ಬಿಡುವುದೇ ಅದರ ಕೆಲಸವಾಗಿತ್ತು. ಕೊಯ್ದ ಮೇಲೂ ಆ ಕೆಲಸ ನಿಲ್ಲುವುದಿಲ್ಲ, ನೀರಿನ ಸರಬರಾಜು ಮಾತ್ರ ನಿಂತಿರುತ್ತದೆ. ತೂಕದಲ್ಲಿ ಶೇ 5ರಷ್ಟು ನೀರು ಹೋದರೆ ಸಾಕು, ಸೊಪ್ಪು ಜೋಲುಬೀಳುತ್ತದೆ. ಬಾಡಿದ ಜೀವಕೋಶದೊಳಗೆ ವಿಟಮಿನ್ ‘ಸಿ’ಯನ್ನು ಒಡೆಯುವ ಕಿಣ್ವಗಳಿಗೆ ಕಡಿವಾಣವಿರುವುದಿಲ್ಲ. ಜಜ್ಜಿದ ಎಲೆಯಲ್ಲಂತೂ ಆಮ್ಲಜನಕ ಒಳಗೆ ನುಗ್ಗಿ ಆ ಕೆಲಸವನ್ನು ಇನ್ನಷ್ಟು ಬೇಗ ಮುಗಿಸುತ್ತದೆ.

ಎಷ್ಟು ಬೇಗ ಎಂಬುದನ್ನು ಹಲವು ಪ್ರಯೋಗಾಲಯಗಳು ಅಳೆದು ನೋಡಿವೆ. ಅಂಥ ಅಧ್ಯಯನಗಳನ್ನೆಲ್ಲ ಕಲೆಹಾಕಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ಈ ಕ್ಷೇತ್ರದವರೆಲ್ಲ ಮತ್ತೆ ಮತ್ತೆ ಉಲ್ಲೇಖಿಸುವಂಥದ್ದು. ಒಂದು ವಾರ ಫ್ರಿಜ್ಜಿನಲ್ಲಿಟ್ಟ ಪಾಲಕ್ ಸೊಪ್ಪು ತನ್ನ ವಿಟಮಿನ್ ‘ಸಿ’ಯ ಮುಕ್ಕಾಲು ಪಾಲಿನಷ್ಟನ್ನು ಕಳೆದುಕೊಂಡಿತ್ತು. 20 ಡಿಗ್ರಿಯಲ್ಲಿ ಹೊರಗಿಟ್ಟದ್ದರಲ್ಲಿ ಅದು ಹೆಚ್ಚುಕಡಿಮೆ ಉಳಿದಿರಲೇ ಇಲ್ಲ. ಅದೇ ಶೀತದಲ್ಲಿಟ್ಟ ಹಸಿರು ಬಟಾಣಿ ಕಳೆದುಕೊಂಡದ್ದು ತೀರ ಕಡಿಮೆ. ಕ್ಯಾರೆಟ್ ಕೂಡ ಗಟ್ಟಿಗ. ಬೀಟಾ ಕ್ಯಾರೋಟಿನ್, ನಾರಿನಂಶ, ಖನಿಜಾಂಶಗಳು ಅಷ್ಟು ಸುಲಭಕ್ಕೆ ಓಡಿಹೋಗುವುದಿಲ್ಲ. ಹಾಗಾಗಿ ಬಾಡಿದ ಸೊಪ್ಪೆಂದರೆ ಕಸ ಎಂದು ತಿಳಿಯಬೇಕಾಗಿಲ್ಲ. ಕಬ್ಬಿಣ, ಸುಣ್ಣದಂಶ ಅದರಲ್ಲಿ ಇದ್ದೇ ಇರುತ್ತವೆ. ‘ಸಿ’ ವಿಟಮಿನ್ನಿಗೆ ಅದನ್ನು ನಂಬಿಕೊಳ್ಳುವಂತಿಲ್ಲ, ಅಷ್ಟೆ.

ಇದೇ ಅಧ್ಯಯನಗಳು ನಮ್ಮ ಇನ್ನೊಂದು ನಂಬಿಕೆಯನ್ನೂ ಅಲುಗಾಡಿಸುತ್ತವೆ. ಕೊಯ್ದ ಕೆಲವೇ ತಾಸಿನಲ್ಲಿ ಬಿಸಿನೀರಿನಲ್ಲಿ ಅದ್ದಿ ಘನೀಕರಿಸಿದ ಬಟಾಣಿಯಲ್ಲಿ, ನಾಲ್ಕಾರು ದಿನ ಅಂಗಡಿಯಲ್ಲಿ ಕೂತ ‘ತಾಜಾ’ ಬಟಾಣಿಗಿಂತ ವಿಟಮಿನ್ ‘ಸಿ’ ಹೆಚ್ಚಿರಬಹುದು. ಹೊಲಕ್ಕೂ ಬಾಣಲೆಗೂ ನಡುವೆ ಎಷ್ಟು ತಾಸು, ಎಷ್ಟು ಸೆಕೆಯಲ್ಲಿ ಕಳೆಯಿತು ಎಂಬುದೇ ಇಲ್ಲಿ ಮುಖ್ಯ.

ಉಷ್ಣಾಂಶದ ಜೊತೆಗೆ ಕಾಯಿಯ ಬದುಕನ್ನು ಆಳುವ ಇನ್ನೊಂದು ಶಕ್ತಿಯಿದೆ: ಎಥಿಲೀನ್ ಅನಿಲ. ಅದು ಪತ್ತೆಯಾದ ರೀತಿ ವಿಜ್ಞಾನದ ಚರಿತ್ರೆಯಲ್ಲೇ ಸ್ವಾರಸ್ಯವಾದದ್ದು. 1901ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ಯುವ ಸಂಶೋಧಕ ಬಟಾಣಿ ಸಸಿಗಳು ಪ್ರಯೋಗಾಲಯದೊಳಗೆ ಮಾತ್ರ ಸೊಟ್ಟಗೆ ಬೆಳೆಯುವುದನ್ನು ಕಂಡು, ದೀಪ ಉರಿಸಲು ಬಳಸುತ್ತಿದ್ದ ಅನಿಲದಲ್ಲಿರುವ ಎಥಿಲೀನ್ ಅದಕ್ಕೆ ಕಾರಣ ಎಂದು ತೋರಿಸಿದರು. ಅತ್ತ ಕ್ಯಾಲಿಫೋರ್ನಿಯಾದ ನಿಂಬೆ ಬೆಳೆಗಾರರು ಹಸಿರು ನಿಂಬೆಯನ್ನು ಸೀಮೆಎಣ್ಣೆ ಒಲೆ ಉರಿಸಿದ ಕೋಣೆಯಲ್ಲಿಟ್ಟು ಹಳದಿ ಮಾಡುತ್ತಿದ್ದರು. ಶಾಖದಿಂದ ಬಣ್ಣ ಬರುತ್ತದೆ ಎಂಬುದು ಅವರ ನಂಬಿಕೆ. ಒಲೆಯ ಹೊಗೆಯೇ ಇದನ್ನು ಮಾಡುತ್ತಿದೆ ಎಂಬ ಅನುಮಾನ ಮುಂದೆ ಬಂತು. ಆ ಹೊಗೆಯಲ್ಲಿ ಕೆಲಸ ಮಾಡುತ್ತಿದ್ದದ್ದು ಎಥಿಲೀನ್ ಎಂದು 1924ರಲ್ಲಿ ಫ್ರಾಂಕ್ ಡೆನ್ನಿ ತೋರಿಸಿಕೊಟ್ಟರು. ಹತ್ತು ವರ್ಷದ ನಂತರ, 1934ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಗೇನ್ ಮಾಗುತ್ತಿರುವ ಸೇಬು ತಾನೇ ಈ ಅನಿಲವನ್ನು ಹೊರಸೂಸುತ್ತದೆ ಎಂಬುದಕ್ಕೆ ಪುರಾವೆ ಒದಗಿಸಿದರು.

ಇದನ್ನು ಓದುವಾಗ ನಮ್ಮ ಕಡೆ ಬಾಳೆಗೊನೆಗೆ ಹೊಗೆ ಹಾಕುವ ಪದ್ಧತಿ ನೆನಪಾಗದೆ ಇರದು. ಮುಚ್ಚಿದ ಕೋಣೆಯಲ್ಲೋ ಗುಂಡಿಯಲ್ಲೋ ಗೊನೆಗಳನ್ನು ಜೋಡಿಸಿ, ಒಣಗಿದ ಬಾಳೆಲೆ, ಬೆರಣಿಗೆ ಕಿಡಿ ತಾಗಿಸಿ ಹೊಗೆ ತುಂಬಿದರೆ ಕಾಯಿ ಒಟ್ಟಿಗೆ ಹಣ್ಣಾಗುತ್ತದೆ. ಕ್ಯಾಲಿಫೋರ್ನಿಯಾದ ಸೀಮೆಎಣ್ಣೆ ಒಲೆಯಲ್ಲಿದ್ದ ಎಥಿಲೀನ್ ಈ ಹೊಗೆಯಲ್ಲೂ ಇದೆ. ಮಾವಿನಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಅಡೆ ಹಾಕುವಾಗಲೂ ನಡೆಯುವುದು ಇದೇ. ಕಾಯಿಗಳೇ ಬಿಡುವ ಅನಿಲ ಹುಲ್ಲಿನ ಸಂದಿಯಲ್ಲಿ ಉಳಿದು ಒಂದು ಇನ್ನೊಂದನ್ನು ಮಾಗಿಸುತ್ತದೆ. ಹೆಸರು ಗೊತ್ತಿರದಿದ್ದರೂ ನಮ್ಮ ಹಿರಿಯರಿಗೆ ಅದರ ಕೆಲಸ ಗೊತ್ತಿತ್ತು.

ಎಲ್ಲ ಹಣ್ಣೂ ಹೀಗಲ್ಲ. ಮಾವು, ಬಾಳೆ, ಪಪ್ಪಾಯಿ, ಸಪೋಟ, ಸೀಬೆ, ಟೊಮೆಟೊ ಇವು ಬಲಿತ ಮೇಲೆ ಕಿತ್ತರೆ ಮನೆಯಲ್ಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸ್ ಗಿಡದಲ್ಲಿ ಎಷ್ಟು ಸಿಹಿಯಾಗಿದ್ದವೋ ಅಷ್ಟೇ. ಕಿತ್ತ ಮೇಲೆ ಒಂದು ಚೂರೂ ಸಿಹಿ ಏರುವುದಿಲ್ಲ. ಹುಳಿ ದ್ರಾಕ್ಷಿ ಕೊಂಡು ನಾಲ್ಕು ದಿನ ಇಟ್ಟು ಕಾಯುವುದು ವ್ಯರ್ಥ. ಎಥಿಲೀನ್ ತನಗೆ ಸಂಬಂಧವಿಲ್ಲದ ಕಡೆಯೂ ಕೈಹಾಕುತ್ತದೆ. ಮಾಗಿದ ಬಾಳೆಹಣ್ಣಿನ ಪಕ್ಕ ಕೊತ್ತಂಬರಿ ಇಟ್ಟರೆ ಎಲೆ ಹಳದಿಯಾಗುತ್ತದೆ, ಸೇಬಿನ ಜೊತೆ ಇಟ್ಟ ಕ್ಯಾರೆಟ್ ಕಹಿಯಾಗುತ್ತದೆ, ಸೌತೆಕಾಯಿ ಹಸಿರು ಬಿಡುತ್ತದೆ. ಎಲ್ಲವನ್ನೂ ಒಂದೇ ಲಾರಿಯಲ್ಲಿ, ಒಂದೇ ತಳ್ಳುಗಾಡಿಯಲ್ಲಿ, ಒಂದೇ ಫ್ರಿಜ್ಜಿನ ಡ್ರಾಯರಿನಲ್ಲಿ ಒಟ್ಟಿಗೆ ತುಂಬುವ ನಮ್ಮ ರೂಢಿಯಿಂದ ಆಗುವ ನಷ್ಟ ಸಣ್ಣದಲ್ಲ.

ಎಥಿಲೀನನ್ನು ತಡೆಯುವ ಸಂಶೋಧನೆಯೂ ದೊಡ್ಡದು. ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಆಮ್ಲಜನಕ ತಗ್ಗಿಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿಯಲ್ಲಿ ಸೇಬನ್ನು ತಿಂಗಳುಗಟ್ಟಲೆ ಕಾಪಾಡುವ ಬಗೆ ಕಂಡುಕೊಂಡರು. 1929ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಅದು ವ್ಯಾಪಾರಕ್ಕೂ ಬಂತು. 1990ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲ್ಯಾಂಕೆನ್‌ಶಿಪ್ ರೂಪಿಸಿದ 1-ಎಂಸಿಪಿ ಎಂಬ ಅನಿಲ, ಹಣ್ಣಿನ ಜೀವಕೋಶದಲ್ಲಿ ಎಥಿಲೀನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತು ಅದಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ನಾವು ಇಂದು ವರ್ಷವಿಡೀ ಗರಿಗರಿಯಾದ ಸೇಬು ತಿನ್ನುವುದರ ಹಿಂದೆ ಈ ಎರಡೂ ಇವೆ.

ಇನ್ನು ಮಾವಿಗೆ ಬರೋಣ. ಶ್ರೀನಿವಾಸಪುರ, ರಾಮನಗರದ ತೋಟಗಳಲ್ಲಿ ಹಣ ತರುವುದೂ, ಹಣ ಕಳೆಯುವುದೂ ಕೊಯ್ಲಿನ ದಿನವೇ. ಮಾರುಕಟ್ಟೆಗೆ ಮೊದಲು ತಲುಪಿದವನಿಗೆ ಹೆಚ್ಚು ಬೆಲೆ ಎಂಬ ಆಸೆಯಿಂದ ಎಳಸು ಕಾಯಿ ಇಳಿಸುತ್ತಾರೆ. ಬಲಿಯದ ಕಾಯಿಯೊಳಗೆ ಸಿಹಿಯಾಗಲು ಬೇಕಾದ ಪಿಷ್ಟವೇ ತುಂಬಿರುವುದಿಲ್ಲ. ಏನೇ ಮಾಡಿದರೂ ಅದು ಬಣ್ಣ ಬದಲಿಸಿಕೊಳ್ಳುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಬಲಿತಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ತೊಟ್ಟಿನ ಸುತ್ತಲಿನ ಹೆಗಲು ತೊಟ್ಟಿಗಿಂತ ಮೇಲೆ ಉಬ್ಬಿರಬೇಕು. ನೀರಿಗೆ ಹಾಕಿದರೆ ಬಲಿತ ಕಾಯಿ ಮುಳುಗುತ್ತದೆ, ಎಳಸು ತೇಲುತ್ತದೆ. ಬಕೆಟ್ ನೀರಿನ ಈ ಪರೀಕ್ಷೆ ಸಂಶೋಧನಾ ಪ್ರಬಂಧಗಳಲ್ಲೂ ಇದೆ.

ಕೊಯ್ಯುವುದರಲ್ಲೂ ಒಂದು ಜಾಣ್ಮೆಯಿದೆ. ಕಾಯಿಯನ್ನು ಎಳೆದು ಕಿತ್ತರೆ, ಕೊಂಬೆ ಅಲುಗಿಸಿ ಉದುರಿಸಿದರೆ, ತೊಟ್ಟು ಬುಡದಲ್ಲೇ ಮುರಿದು ಸೊನೆ ಚಿಮ್ಮುತ್ತದೆ. ಆ ಸೊನೆ ಸಿಪ್ಪೆಯನ್ನು ಸುಡುತ್ತದೆ. ಎರಡು ದಿನದಲ್ಲಿ ಅಲ್ಲಿ ಕಪ್ಪು ಗೆರೆ ಮೂಡಿ, ಆ ಜಾಗದಿಂದಲೇ ಕೊಳೆ ಶುರುವಾಗುತ್ತದೆ. ಒಂದೆರಡು ಅಂಗುಲ ತೊಟ್ಟು ಉಳಿಸಿ ಕತ್ತರಿಸಿ, ನೆರಳಿಗೆ ತಂದು, ತೊಟ್ಟನ್ನು ಗಿಡ್ಡ ಮಾಡಿ, ಕಾಯಿಯನ್ನು ಬೋರಲಾಗಿ ಜಾಲರಿಯ ಮೇಲಿಟ್ಟರೆ ಸೊನೆ ಸಿಪ್ಪೆಗೆ ತಾಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಆಮೇಲೆ ಸುಮಾರು 52 ಡಿಗ್ರಿಯ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದಿಟ್ಟರೆ, ಹೂ ಬಿಡುವ ಕಾಲದಿಂದಲೇ ಸಿಪ್ಪೆಯಲ್ಲಿ ಅಡಗಿ ಕೂತ ಚಿಬ್ಬುರೋಗದ ಶಿಲೀಂಧ್ರ ಹತೋಟಿಗೆ ಬರುತ್ತದೆ. ಔಷಧವಿಲ್ಲ, ಶೇಷವಿಲ್ಲ, ಬರೀ ನೀರು. ನೀರಿನ ಉಷ್ಣಾಂಶ ನಾಲ್ಕು ಡಿಗ್ರಿ ಮೇಲೆ ಹೋದರೆ ಸಿಪ್ಪೆ ಬೇಯುತ್ತದೆ, ಕೆಳಗಿಳಿದರೆ ಶಿಲೀಂಧ್ರ ಉಳಿಯುತ್ತದೆ. ಹಾಗಾಗಿ ಒಂದು ಥರ್ಮಾಮೀಟರ್ ಮಾತ್ರ ಬೇಕೇ ಬೇಕು.

ಈ ಯಾವ ಶ್ರಮವೂ ಬೇಡ, ಕಾಯಿ ಬೇಗ ಹಳದಿಯಾಗಲಿ ಎನ್ನುವ ಕಡೆ ಕಾರ್ಬೈಡ್ ಪೊಟ್ಟಣ ಬರುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದೊಡನೆ ಅಸಿಟಲೀನ್ ಬಿಡುತ್ತದೆ. ಅದು ಎಥಿಲೀನನ್ನು ಅರೆಬರೆ ಅನುಕರಿಸುತ್ತದೆ. ಕೈಗಾರಿಕೆಗೆಂದು ತಯಾರಾದ ಆ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳು ಬೆರೆತಿರುತ್ತವೆ. ಅಪಾಯ ತಿನ್ನುವವರಿಗಷ್ಟೇ ಅಲ್ಲ, ಮಂಡಿಯ ಮುಚ್ಚಿದ ಕೋಣೆಯಲ್ಲಿ ಬರಿಗೈಯಲ್ಲಿ ಪೊಟ್ಟಣ ಕಟ್ಟುವ ಕೂಲಿಯವರಿಗೂ ಇದೆ. ನಮ್ಮ ಆಹಾರ ಸುರಕ್ಷತಾ ಕಾನೂನು ಇದನ್ನು ನಿಷೇಧಿಸಿದೆ. ಬದಲಿಗೆ 100 ಪಿಪಿಎಂವರೆಗೆ, ಅಂದರೆ ಹತ್ತು ಸಾವಿರ ಪಾಲು ಗಾಳಿಗೆ ಒಂದು ಪಾಲು ಎಥಿಲೀನ್ ಅನಿಲ ಬಳಸಲು 2016ರಲ್ಲಿ ಅನುಮತಿ ಕೊಟ್ಟಿತು. ಹಣ್ಣು ತಾನೇ ತಯಾರಿಸಿಕೊಳ್ಳುವ ಅನಿಲವನ್ನು ಹೊರಗಿನಿಂದ ಸ್ವಲ್ಪ ಕೊಟ್ಟು ಎಬ್ಬಿಸುವುದಷ್ಟೇ ಇಲ್ಲಿನ ಕೆಲಸ.

ದೊಡ್ಡ ರೈಪನಿಂಗ್ ಚೇಂಬರ್ ಕಟ್ಟಲು ಸಣ್ಣ ರೈತನಿಗೆ ಶಕ್ತಿಯಿಲ್ಲ ಎಂಬುದನ್ನು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸರಿಯಾಗಿ ಅರ್ಥಮಾಡಿಕೊಂಡಿದ್ದರು. ಗಾಳಿಯಾಡದ ಪ್ಲಾಸ್ಟಿಕ್ ಡೇರೆಯೊಳಗೆ ಕ್ರೇಟುಗಳನ್ನು ಜೋಡಿಸಿ, ಒಂದು ಪಾತ್ರೆಯಲ್ಲಿ ಎಥ್ರೆಲ್ ಎಂಬ ರಾಸಾಯನಿಕದ ದ್ರಾವಣಕ್ಕೆ ಕ್ಷಾರ ಬೆರೆಸಿದರೆ ಹೊಮ್ಮುವ ಎಥಿಲೀನಿನಲ್ಲೇ ಒಂದು ದಿನ ಇಟ್ಟು ಹೊರತೆಗೆಯುವ ವಿಧಾನವನ್ನು ಅವರು ರೂಪಿಸಿದರು. ರಾಸಾಯನಿಕ ಹಣ್ಣಿಗೆ ತಾಗುವುದಿಲ್ಲ; ಅನಿಲ ಮಾತ್ರ ತಾಗುತ್ತದೆ. ಡೇರೆಯನ್ನು ಎಲ್ಲಿ ಬೇಕಾದರೂ ಮಡಚಿ ಒಯ್ಯಬಹುದು. ಮಾವಿನ ಸೀಮೆಯ ಪ್ರತಿ ಹೋಬಳಿಯಲ್ಲೂ ಇಂಥ ಡೇರೆಗಳು ಬಾಡಿಗೆಗೆ ಸಿಗುವಂತಿದ್ದರೆ ಕಾರ್ಬೈಡ್ ದಾಳಿಗಳ ಸುದ್ದಿ ಓದುವ ಅಗತ್ಯವೇ ಇರುತ್ತಿರಲಿಲ್ಲ.

ತಂಪು ಒಳ್ಳೆಯದು ಎಂದಮೇಲೆ ಹೆಚ್ಚು ತಂಪು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ಉಷ್ಣವಲಯದಲ್ಲಿ ಹುಟ್ಟಿದ ಹಣ್ಣು-ಕಾಯಿಗಳು ಚಳಿ ತಡೆಯವು. ಬಾಳೆಯನ್ನು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗಿ, ಮುಂದೆ ಸರಿಯಾಗಿ ಮಾಗುವುದೇ ಇಲ್ಲ. ಮಾವಿಗೂ ಹೆಚ್ಚುಕಡಿಮೆ ಅದೇ ಗಡಿ. ಬದನೆ, ಬೆಂಡೆ, ಸೌತೆಗಳಿಗೆ ಬೇಕಾದದ್ದು 10 ಡಿಗ್ರಿಯ ಆಸುಪಾಸು. ಸೊಪ್ಪು, ಹೂಕೋಸು, ಕ್ಯಾರೆಟ್ ಮಾತ್ರ ಸೊನ್ನೆಯ ಹತ್ತಿರ ಸುಖವಾಗಿರುತ್ತವೆ. ಟೊಮೆಟೊ ಕಥೆಯನ್ನು 2016ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಂಗಡಿಗರು ಬಿಡಿಸಿಟ್ಟರು. 5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಹಣ್ಣಿನಲ್ಲಿ ಸಕ್ಕರೆ, ಹುಳಿ ಹಾಗೇ ಇದ್ದವು. ಪರಿಮಳ ಕೊಡುವ ಆವಿಶೀಲ ಸಂಯುಕ್ತಗಳು ಕುಸಿದಿದ್ದವು. ಚಳಿಯಿಂದಾಗಿ ಪರಿಮಳದ ವಂಶವಾಹಿಗಳ ಮೇಲೆ ರಾಸಾಯನಿಕ ಗುರುತು ಬಿದ್ದು ಅವು ಮೌನವಾಗಿದ್ದವು, ಹೊರಗೆ ತಂದಿಟ್ಟ ಮೇಲೂ ಅವು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಸಾರಿಗೆ ಘಮ ಬರಬೇಕೆಂದರೆ ಹಣ್ಣಾದ ಟೊಮೆಟೊವನ್ನು ಬುಟ್ಟಿಯಲ್ಲಿ ಹೊರಗಿಟ್ಟು ಎರಡು ದಿನದಲ್ಲಿ ಬಳಸುವುದೇ ಲೇಸು.

ಈ ಗಡಿಗಳನ್ನು ನೋಡಿದರೆ ‘ಎಲ್ಲ ಬೆಳೆಗೂ ಒಂದು ಕೋಲ್ಡ್ ಸ್ಟೋರೇಜ್’ ಎಂಬ ಘೋಷಣೆ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ. ಒಂದೇ ಕೋಣೆಯಲ್ಲಿ ಬಾಳೆಯನ್ನೂ ಕ್ಯಾರೆಟನ್ನೂ ಇಡಲಾಗದು.

ಈರುಳ್ಳಿಗಂತೂ ತಂಪುಕೋಣೆಯ ಹಂಗೇ ಬೇಕಿಲ್ಲ. ಅದು 25-30 ಡಿಗ್ರಿಯ ಒಣ ಸೆಕೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಸೊನ್ನೆ ಡಿಗ್ರಿಯಲ್ಲೂ ನಿಲ್ಲುತ್ತದೆ. ನಡುವಿನ 10-20 ಡಿಗ್ರಿಯಲ್ಲಿ ಮೊಳಕೆ ಒಡೆಯುತ್ತದೆ. ಕಿತ್ತ ಗೆಡ್ಡೆಯನ್ನು ನೆರಳಲ್ಲಿ ಹರಡಿ, ಕತ್ತು ಪೂರ್ತಿ ಒಣಗಿ ಮುಚ್ಚಿಕೊಳ್ಳುವ ತನಕ ಬಿಟ್ಟು, ಅಡಿಯಿಂದಲೂ ಗಾಳಿಯಾಡುವ ಶೆಡ್ಡಿನಲ್ಲಿ ತುಂಬಿದರೆ ಹಿಂಗಾರಿನ ಈರುಳ್ಳಿ ತಿಂಗಳುಗಟ್ಟಲೆ ಉಳಿಯುತ್ತದೆ. ಚಿತ್ರದುರ್ಗ, ಗದಗದ ಮಳೆಗಾಲದ ಬೆಳೆಗೆ ಆ ಭಾಗ್ಯವಿಲ್ಲ. ಅದರಲ್ಲಿ ನೀರಿನಂಶ ಹೆಚ್ಚು, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಒಣಗಿಸುವುದೇ ದುಸ್ತರ. ಮೊಳಕೆ ತಡೆಯಲು ಗಾಮಾ ಕಿರಣ ಹಾಯಿಸುವ ದಾರಿಯೂ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಾಸಿಕ್ ಬಳಿಯ ಲಾಸಲ್‌ಗಾಂವ್‌ನಲ್ಲಿ 2002ರಲ್ಲಿ ಶುರುಮಾಡಿದ ‘ಕೃಷಕ್’ ಘಟಕದ ಮೊದಲ ಉದ್ದೇಶ ಅದೇ. 2007ರಲ್ಲಿ ಭಾರತದ ಮಾವು ಅಮೆರಿಕಕ್ಕೆ ಮತ್ತೆ ಕಾಲಿಟ್ಟದ್ದೂ ಈ ಕಿರಣಗಳಿಂದಲೇ. 400 ಗ್ರೇ ಪ್ರಮಾಣ ಹಾಯಿಸಿದರೆ ಓಟೆಯೊಳಗಿನ ಹುಳ ಸಂತಾನಹೀನವಾಗುತ್ತದೆ. ಕಿರಣ ಹಾಯ್ದ ಹಣ್ಣು ವಿಕಿರಣಶೀಲವಾಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಆ ಭಯ ಇನ್ನೂ ಜನರಲ್ಲಿದೆ.

ನನಗೆ ಈ ಎಲ್ಲ ಸಂಶೋಧನೆಗಳಲ್ಲಿ ಅತ್ಯಂತ ಪ್ರೀತಿಯದು ಇಟ್ಟಿಗೆ ಮತ್ತು ಮರಳಿನದು. 1980ರ ದಶಕದ ಆರಂಭದಲ್ಲಿ ದಿಲ್ಲಿಯ ಪೂಸಾ ಆವರಣದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸುಶಾಂತ ರಾಯ್ ಮತ್ತು ಖುರ್ದಿಯಾ ಎಂಬ ವಿಜ್ಞಾನಿಗಳು ರೂಪಿಸಿದ ‘ಶೂನ್ಯ ಶಕ್ತಿ ತಂಪುಕೋಣೆ’ ಅದು. ನೆಲದ ಮೇಲೆ ಒಂದು ವರಸೆ ಇಟ್ಟಿಗೆ ಹಾಸಿ, ಅದರ ಮೇಲೆ ಎರಡು ಸುತ್ತು ಇಟ್ಟಿಗೆ ಗೋಡೆ ಎಬ್ಬಿಸುತ್ತಾರೆ. ಎರಡು ಗೋಡೆಗಳ ನಡುವೆ ಸುಮಾರು 7.5 ಸೆಂಟಿಮೀಟರ್ ಸಂದಿ, ಸಂದಿಯಲ್ಲಿ ಹೊಳೆಯ ಮರಳು. ಬೆಳಿಗ್ಗೆ ಸಂಜೆ ಮರಳಿಗೂ ಗೋಡೆಗೂ ನೀರು ಹನಿಸಬೇಕು. ಮೇಲೆ ಬಿದಿರಿನ ಚೌಕಟ್ಟಿಗೆ ಹುಲ್ಲಿನ ಮುಚ್ಚಳ, ಇಡೀ ಕಟ್ಟೆಗೆ ನೆರಳಿನ ಚಪ್ಪರ. ಇಟ್ಟಿಗೆಯ ರಂಧ್ರಗಳಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಕಡುಬೇಸಿಗೆಯಲ್ಲಿ ಹೊರಗಿಗಿಂತ ಒಳಗೆ 10ರಿಂದ 15 ಡಿಗ್ರಿ ಕಡಿಮೆ, ತೇವಾಂಶ ಶೇ 90ರ ಸುತ್ತಮುತ್ತ. ಸೊಪ್ಪಿಗೆ, ಟೊಮೆಟೊಗೆ, ಬಾಳೆಗೆ ಇದಕ್ಕಿಂತ ಹೆಚ್ಚಿನ ಉಪಚಾರ ಹೊಲದಲ್ಲಿ ಏನು ಬೇಕು? ಕರೆಂಟಿಲ್ಲ, ಮೆಕ್ಯಾನಿಕ್ ಇಲ್ಲ.

ಅದಕ್ಕೊಂದು ಮಿತಿಯೂ ಇದೆ. ಗಾಳಿ ಒಣಗಿದ್ದರೆ ಮಾತ್ರ ನೀರು ಆವಿಯಾಗುತ್ತದೆ. ಕಲಬುರಗಿ, ರಾಯಚೂರು, ವಿಜಯಪುರದ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರು, ಕಾರವಾರದ ಕಡೆ ಕಟ್ಟಿದರೆ ದುಡ್ಡು ದಂಡ. ಬಯಲುಸೀಮೆಯ ಒಣ ಜಿಲ್ಲೆಗಳಲ್ಲಿಯಾದರೂ ಇದು ಊರೂರಿಗೂ ಏಕೆ ಬರಲಿಲ್ಲ ಎಂದು ಯೋಚಿಸಿದರೆ ನನಗೆ ತೋಚುವ ಉತ್ತರ ಒಂದೇ. ಇದನ್ನು ಮಾರಿ ಲಾಭ ಮಾಡಿಕೊಳ್ಳುವ ಕಂಪನಿ ಇಲ್ಲ, ಉದ್ಘಾಟನೆಗೆ ಟೇಪು ಕತ್ತರಿಸುವಷ್ಟು ದೊಡ್ಡ ಬಾಗಿಲೂ ಇದಕ್ಕಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಆರಂಭವಾದಾಗಿನಿಂದ ನಮ್ಮ ರಾಜ್ಯದಲ್ಲೇ ಆಹಾರ ವಿಜ್ಞಾನದ ಇಷ್ಟು ದೊಡ್ಡ ಸಂಪತ್ತು ಇದೆ. ಹಣ್ಣಿನ ಮೈಗೆ ತೆಳುವಾದ ಮೇಣದ ಲೇಪ ಹಚ್ಚಿ ನೀರು ಆರದಂತೆ ನೋಡಿಕೊಳ್ಳುವ ಪ್ರಯೋಗಗಳು ಅಲ್ಲಿ ದಶಕಗಳ ಹಿಂದೆಯೇ ನಡೆದಿವೆ. ಪ್ರಯೋಗಾಲಯದಿಂದ ಬದುವಿಗೆ ಇರುವ ದೂರವನ್ನು ಕಡಿಮೆ ಮಾಡುವ ಕೆಲಸಕ್ಕೆ ಮಾತ್ರ ಯಾರೂ ಗಟ್ಟಿಯಾಗಿ ಕೈಹಾಕಿಲ್ಲ.

ಕೊನೆಯದಾಗಿ ಸುರಕ್ಷತೆಯ ಪ್ರಶ್ನೆ. 2011ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಸಾವಿರಾರು ಜನ ರಕ್ತಭೇದಿಯಿಂದ ಆಸ್ಪತ್ರೆ ಸೇರಿದರು, ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮೊದಲು ಸ್ಪೇನ್ ದೇಶದ ಸೌತೆಕಾಯಿಯ ಮೇಲೆ ಅಪವಾದ ಬಂತು, ಅಲ್ಲಿನ ರೈತರು ಬೆಳೆದದ್ದನ್ನು ಸುರಿದು ಕಣ್ಣೀರಿಟ್ಟರು. ಕೊನೆಗೆ ಸಿಕ್ಕಿದ ಮೂಲ ಮೊಳಕೆ ಕಾಳು. ಹುಡುಕುತ್ತಾ ಹೋದವರು ತಲುಪಿದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜವನ್ನು. ಬೀಜದ ಮೇಲೆ ಕೂತ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಮೊಳಕೆ ಬರಿಸುವ ಬೆಚ್ಚಗಿನ ತೇವ ಅಚ್ಚುಮೆಚ್ಚಿನ ತಾಣ. ಆರೋಗ್ಯಕ್ಕೆಂದು ಹಸಿ ಮೊಳಕೆ ತಿನ್ನುವವರು, ಅದರಲ್ಲೂ ಮಕ್ಕಳಿಗೆ, ವೃದ್ಧರಿಗೆ, ಬಸುರಿಯರಿಗೆ ಕೊಡುವವರು, ಅದನ್ನು ಒಮ್ಮೆ ಹಬೆಯಲ್ಲಿ ಬೇಯಿಸುವುದು ಕ್ಷೇಮ.

ತೊಳೆಯುವುದರಲ್ಲೂ ವಿಜ್ಞಾನವಿದೆ. ಬಿಸಿಲಿನಲ್ಲಿ ಕಾದ ಟೊಮೆಟೊವನ್ನು ತಣ್ಣೀರಿಗೆ ಹಾಕಿದರೆ ಏನಾಗುತ್ತದೆ? ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ತೆರವಾದ ಜಾಗಕ್ಕೆ ತೊಟ್ಟಿನ ಗಾಯದ ಮೂಲಕ ಹೊರಗಿನ ನೀರು ಒಳಸೇರುತ್ತದೆ. ಆ ನೀರಿನಲ್ಲಿ ಸಾಲ್ಮೊನೆಲ್ಲ ಇದ್ದರೆ ಅದೂ ಒಳಗೆ ಹೋಗುತ್ತದೆ. ಆಮೇಲೆ ಎಷ್ಟು ಉಜ್ಜಿ ತೊಳೆದರೂ ಹೊರಬರುವುದಿಲ್ಲ. ಅದಕ್ಕಾಗಿಯೇ ತೊಳೆಯುವ ನೀರು ಹಣ್ಣಿಗಿಂತ ಐದು ಡಿಗ್ರಿಯಷ್ಟು ಬೆಚ್ಚಗಿರಬೇಕು, ಅದರಲ್ಲಿ ಹದವಾದ ಕ್ಲೋರಿನ್ ಇರಬೇಕು ಎಂಬ ನಿಯಮ ಬಂದದ್ದು. ಕ್ಲೋರಿನ್ ಇಲ್ಲದ ಒಂದೇ ತೊಟ್ಟಿಯಲ್ಲಿ ನೂರಾರು ಕಿಲೊ ತೊಳೆದರೆ ಒಂದು ಕಾಯಿಯ ಕೊಳೆ ಎಲ್ಲದಕ್ಕೂ ಹರಡುತ್ತದೆ. ಕತ್ತರಿಸಿದ ಕಲ್ಲಂಗಡಿ, ಪಪ್ಪಾಯಿಯ ವಿಷಯದಲ್ಲೂ ಎಚ್ಚರ ಬೇಕು. ಇವುಗಳಲ್ಲಿ ಹುಳಿ ಕಡಿಮೆ, ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯಲು ತಡೆಯಿಲ್ಲ. ಹೆಚ್ಚಿದ ಮೇಲೆ 5 ಡಿಗ್ರಿಯೊಳಗೆ ಇಡಬೇಕು ಅಥವಾ ಕೂಡಲೇ ತಿಂದು ಮುಗಿಸಬೇಕು.

ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿಗೆ ಈ ಯಾವ ಉಪಾಯವೂ ಸಾಲದು. ಬೆಂಗಳೂರಿನ ಕೊಳೆ ಹೊತ್ತು ಹರಿಯುವ ವೃಷಭಾವತಿಯ ಪಾತ್ರದುದ್ದಕ್ಕೂ ವ್ಯವಸಾಯ ನಡೆಯುತ್ತಿದೆ. ಬೇರಿನ ಮೂಲಕ ಗಿಡದೊಳಗೆ ಸೇರಿದ ಸೀಸ, ಕ್ಯಾಡ್ಮಿಯಂ ಉಪ್ಪುನೀರಿಗೂ ಹೋಗದು, ಹುಣಸೆನೀರಿಗೂ ಹೋಗದು. ಅದನ್ನು ತಡೆಯಬೇಕಾದದ್ದು ಕಾರ್ಖಾನೆಯ ಕೊಳವೆಯ ಬಾಯಲ್ಲಿ.

ಆದರೆ ಸೊಪ್ಪು ಮಾರುಕಟ್ಟೆಗೆ ಬಂದಮೇಲೆ ಕೈಯಳತೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ನಸುಕಿನಲ್ಲಿ ಮೂಟೆ ಬಿಚ್ಚಿ ಕಂತೆ ಕಟ್ಟುವ ಅಮ್ಮಂದಿರು ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಇರುತ್ತಾರೆ, ಗೋಣಿತಾಟು ಒದ್ದೆ ಮಾಡಿ ಹೊದಿಸುತ್ತಾರೆ. ಅವರು ಮಾಡುತ್ತಿರುವುದು ಶುದ್ಧ ಕೊಯ್ಲೋತ್ತರ ತಂತ್ರಜ್ಞಾನ. ಪೂಸಾದ ಇಟ್ಟಿಗೆ ಕೋಣೆ ಮಾಡುವ ಕೆಲಸವನ್ನೇ ಅವರು ಗೋಣಿಯಿಂದ ಮಾಡುತ್ತಿದ್ದಾರೆ. ಸೊಪ್ಪಿನ ಬಾಳಿಕೆಯೂ ತಿನ್ನುವವರ ಆರೋಗ್ಯವೂ ಆ ಬಕೆಟ್ಟಿನ ನೀರಿನ ಮೇಲೆ ನಿಂತಿವೆ. ಆ ನೀರು ಎಲ್ಲಿಂದ ಬರಬೇಕು ಎಂಬುದನ್ನು ಅವರೊಬ್ಬರೇ ನಿರ್ಧರಿಸಲಾಗದು. ನಗರಸಭೆ, ಎಪಿಎಂಸಿಗಳು ಸೊಪ್ಪಿನ ಕಟ್ಟೆಗಳಿಗೆ ಕುಡಿಯುವ ನೀರಿನ ನಲ್ಲಿ, ಬಿಸಿಲು ತಡೆಯುವ ಸೂರು, ಕೈ ತೊಳೆಯಲು ಜಾಗ ಮತ್ತು ಹತ್ತಿರದಲ್ಲೇ ಒಂದು ಶೌಚಾಲಯ ಕೊಡಲಿ. ಟೊಮೆಟೊ ಸೀಮೆಯಲ್ಲಿ ಬಾಕ್ಸು ಕಾಯುವ ಬದುಗಳ ಪಕ್ಕ ನೆರಳು ಬಲೆಯ ಚಪ್ಪರಕ್ಕೆ ತೋಟಗಾರಿಕೆ ಇಲಾಖೆ ಸಹಾಯಧನ ಕೊಡಲಿ. ಮುಂದಿನ ಬಜೆಟ್ಟಿನಲ್ಲಿ ಶೈತ್ಯಾಗಾರಗಳಿಗೆ ಎತ್ತಿಡುವ ಹಣದ ಪಕ್ಕದಲ್ಲೇ ಇದಕ್ಕೂ ಒಂದು ಸಾಲು ಇರಬೇಕು.